ಕೆಮ್ಮಿ ಒಳಗೆ ಬರುವ ಜೀವಕೋಶ

ಮೇಷ್ಟ್ರು ಶಬ್ದಗಳನ್ನು ಕಲಿಸಿ ಮರೆತುಬಿಡಬಹುದು, ಆದರೆ ಕೆಲವು ಶಬ್ದಗಳು ಮೇಷ್ಟ್ರನ್ನು ಮರೆಯುವುದಿಲ್ಲ. ಸವಣೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನನಗೆ ಹಾಗೆ ಗಂಟುಬಿದ್ದ ಶಬ್ದ ಎಂಪೆರಿಪೊಲೆಸಿಸ್.

೧. ಪರೀಕ್ಷೆಗೆ ಬಾರದ್ದು

ಅದು ಪಠ್ಯದಲ್ಲಿ ಇರಲಿಲ್ಲ. ನಾನೇ ಎಲ್ಲೋ ಓದಿ ಮೆಚ್ಚಿ, ಹೊಸ ಮೇಷ್ಟ್ರ ಹುಮ್ಮಸ್ಸಿನಲ್ಲಿ ಹಲಗೆ ತುಂಬ ಬರೆದಿದ್ದೆ. ಒಂದು ಜೀವಕೋಶ ಇನ್ನೊಂದರ ಒಳಗೆ ಹೊಕ್ಕು, ಅಲ್ಲಿ ಅಡ್ಡಾಡಿ, ಸುಖರೂಪವಾಗಿ ಹೊರಗೆ ಬರುವುದಕ್ಕೆ ಆ ಹೆಸರು. ಸಾಮಾನ್ಯವಾಗಿ ಒಳಗೆ ಸಿಕ್ಕಿದ್ದನ್ನು ಕೋಶ ಅರಗಿಸಿಕೊಂಡುಬಿಡುತ್ತದೆ. ಇಲ್ಲಿ ಹಾಗಿಲ್ಲ, ಬಂದವರಿಗೂ ತ್ರಾಸಿಲ್ಲ, ಇದ್ದವರಿಗೂ ತ್ರಾಸಿಲ್ಲ. ನಮ್ಮ ಎಲುಬಿನ ಮಜ್ಜೆಯ ದೊಡ್ಡ ಕೋಶಗಳೊಳಗೆ ಬಿಳಿ ರಕ್ತಕಣಗಳು ಹೀಗೆ ಹೋಗಿ ಬರುತ್ತವೆ ಎಂದೆ.

"ಪರೀಕ್ಷಾಕ್ಕ ಬರ್ತೈತೇನ್ರಿ ಸರ್?"

"ಇಲ್ಲ."

ಪೆನ್ನುಗಳೆಲ್ಲ ಕೆಳಗಿಳಿದವು. ಹತ್ತಿಮತ್ತೂರಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಳು. "ನಮ್ಮ ಅಪ್ಪನ ದೋಸ್ತ ಒಬ್ಬಾಂವ ಹಂಗ ಅದಾನ್ರಿ ಸರ್. ಬರ್ತಾನ, ಮನಿ ತುಂಬ ಅಡ್ಡಾಡ್ತಾನ, ಹೋಗ್ತಾನ."

"ಶಾಣ್ಯಾಕಿ ಅದೀ. ಸರಿಯಾದ ಉದಾಹರಣೆ."

"ಆದ್ರ ನಮ್ಮವ್ವಗ ಭಾಳ ತ್ರಾಸ ಆಗ್ತೈತ್ರಿ."

"ಹಂಗಿದ್ರ ಅದು ಬ್ಯಾರೆ ರೋಗ, ಮುಂದಿನ ವರ್ಷ ಬರ್ತೈತಿ, ಕೂಡು" ಎಂದೆ.

೨. ನೆಗಡಿಯ ದಿನ

ನಿಜವಾದ ಉದಾಹರಣೆ ನಾನೇ ಆಗಿದ್ದೆ. ಹಿರೇಕೆರೂರು ಕಡೆಯ ಬ್ರಹ್ಮಚಾರಿಯಾದ ನಾನು ಇದ್ದದ್ದು ವೀಳ್ಯದೆಲೆ ವ್ಯಾಪಾರದ ಸಾಹೇಬರ ಮನೆಯ ಹಿಂದಿನ ಕೋಣೆಯಲ್ಲಿ. ಕೋಣೆಗೆ ಬೇರೆ ದಾರಿಯಿರಲಿಲ್ಲ. ಹೆಂಗಸರು ಎಲೆ ಆರಿಸುತ್ತ ಕೂತ ಒಳ ಅಂಗಳವನ್ನು ದಾಟಿಯೇ ಹೋಗಬೇಕು. ಪರದೆ ಪಾಲಿಸುವ ಮನೆ, ಅದಕ್ಕೊಂದು ರಿವಾಜಿತ್ತು. ದಾಟುವ ಮೊದಲು ನಾನು ಕೆಮ್ಮಬೇಕು, ಅವರು ಒಳಗೆ ಸರಿಯಬೇಕು. ಸಾಹೇಬರ ಹೆಂಡತಿಯನ್ನು ನಾನು ಚಿಕ್ಕಮ್ಮ ಎಂಬಂತೆ ಖಾಲಾ ಎನ್ನುತ್ತಿದ್ದೆ. ಅವರು ಮಾತ್ರ ಸರಿಯದೆ, "ಬರ್ರಿ ಸರ್, ದಾರಿ ಖಾಲಿ ಐತಿ" ಎನ್ನುತ್ತಿದ್ದರು.

ಒಂದು ದಿನ ನನಗೆ ನೆಗಡಿಯಾಯಿತು. ಕೋಣೆಯೊಳಗೆ ಮಲಗಿದಲ್ಲೇ ಕೆಮ್ಮುತ್ತಿದ್ದೆ. ಪ್ರತಿ ಕೆಮ್ಮಿಗೂ ಅಂಗಳದಲ್ಲಿ ಬಳೆ ಸದ್ದು, ಓಡುವ ಸದ್ದು, ಬಾಗಿಲು ಹಾಕುವ ಸದ್ದು. ನಾನು ಹೊರಗೆ ಬರುವುದಿಲ್ಲ, ಅವರು ತಿರುಗಿ ಬಂದು ಕೂರುವಷ್ಟರಲ್ಲಿ ಮತ್ತೆ ಕೆಮ್ಮು. ಮಧ್ಯಾಹ್ನಕ್ಕೆ ಖಾಲಾ ಬಿಸಿ ಕಷಾಯ ಹಿಡಿದು ಬಂದರು.

"ಕುಡೀರಿ ಸರ್. ನಿಮ್ಮ ಸಲುವಾಗಿ ಅಲ್ಲ. ಹುಡುಗ್ಯಾರು ಓಡಿ ಓಡಿ ಸಾಕಾಗ್ಯಾರ, ಒಲಿ ಮ್ಯಾಲೆ ಅನ್ನ ಸೀದೈತಿ."

೩. ಸಾಹೇಬರ ಶಿಫಾರಸು

ಆ ಮನೆ ಬಿಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಅಷ್ಟರಲ್ಲಿ ಸಾಹೇಬರ ಮಗನ ಮದುವೆ ಗೊತ್ತಾಯಿತು. ಹೊಸ ಜೋಡಿಗೆ ನನ್ನ ಕೋಣೆ ಬೇಕು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಇರುವವನನ್ನು ಹೋಗು ಎನ್ನುವ ಬಾಯಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೆ ಸಾಹೇಬರು ನನಗೇ ಹೆಣ್ಣು ಹುಡುಕಲು ಶುರುಮಾಡಿದರು. ಹಾನಗಲ್ಲು, ಶಿಗ್ಗಾವಿ, ಎಲೆ ಬುಟ್ಟಿ ಹೋದಲ್ಲೆಲ್ಲ ನನ್ನ ಜಾತಕವೂ ಹೋಯಿತು. ಕೊನೆಗೆ ಹಾನಗಲ್ಲಿನ ನಮ್ಮವರದೇ ಮನೆಯೊಂದು ಒಪ್ಪಿತು. ಹುಡುಗಿಯ ಅಪ್ಪ ಸಾಹೇಬರನ್ನು ವಿಚಾರಿಸಿದರು.

"ಹುಡುಗಗ ಏನರ ಚಟಾ ಐತೇನ್ರಿ?"

"ಒಂದೂ ಇಲ್ರಿ. ಬಾಗಲದಾಗ ನಿಂತು ಕೆಮ್ಮತಾರ, ಅಷ್ಟ. ದಿನಾ."

ಎದೆಯ ಎಕ್ಸ್‌ರೇ ತೋರಿಸಿದ ಮೇಲೆಯೇ ನಮ್ಮ ನಿಶ್ಚಯವಾದದ್ದು.

ಮನೆ ಬಿಡುವ ದಿನ ಅಳು ತಪ್ಪಿಸಿಕೊಳ್ಳಲು ಸಾಹೇಬರಿಗೂ ಖಾಲಾಗೂ ಆ ಶಬ್ದದ ಪಾಠ ಹೇಳಿದೆ. "ಒಳಗ ಬಂದೆ, ಅಡ್ಡಾಡಿದೆ, ಸುಖರೂಪ ಹೊರಗ ಹೊಂಟೇನಿ. ಇದಕ್ಕ ಹೆಸರ ಐತ್ರಿ."

ಸಾಹೇಬರು ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದರು. "ಹೊರಗ ಹೋದದ್ದು ತಿರುಗಿ ಒಳಗ ಬರಾಕ ಬರ್ತೈತೇನ್ರಿ?"

"ಅದನ್ನ ನಾನು ಓದಿದ ಪುಸ್ತಕದಾಗ ಬರದಿಲ್ರಿ."

"ಹಂಗಾದ್ರ ಪುಸ್ತಕ ಅರ್ಧಾ ಐತಿ" ಎಂದರು.

೪. ಮಾಸ್ಕು

ಮುಂದೆ ವರ್ಗವಾಯಿತು, ನಿವೃತ್ತಿಯಾಯಿತು. ಸಾಹೇಬರು ತೀರಿಕೊಂಡ ಸುದ್ದಿಯೂ ತಡವಾಗಿ ತಿಳಿಯಿತು. ಆ ಮನೆಗೆ ನಾನು ಇನ್ನು ಯಾರೂ ಅಲ್ಲವೇನೋ ಎಂಬ ಅಳುಕಿನಲ್ಲೇ ಮೊನ್ನೆ ಸವಣೂರಿಗೆ ಹೋದೆ. ಹೊಸ ಬಾಗಿಲು, ಬೆಲ್ಲೂ ಇತ್ತು. ಆದರೆ ಆ ಹೊಸ್ತಿಲ ಮುಂದೆ ನನ್ನ ಕೈ ಏಳಲಿಲ್ಲ, ಗಂಟಲು ಎದ್ದಿತು. ಕೆಮ್ಮಿದೆ.

ಒಳಗೆ ಯಾರೂ ಸರಿದ ಸದ್ದಿಲ್ಲ. ಇನ್ನೊಮ್ಮೆ ಜೋರಾಗಿ ಕೆಮ್ಮಿದೆ. ಬಾಗಿಲು ಒಂದಿಷ್ಟೇ ತೆರೆದು ಸಾಹೇಬರ ಮೊಮ್ಮಗನ ಹೆಂಡತಿ ಇಣುಕಿದಳು. ಮೂಗಿನ ಮೇಲೆ ಮಾಸ್ಕು.

"ಅಲ್ಲೇ ನಿಂದರ್ರಿ ಅಂಕಲ್. ಯಾವಾಗಿಂದ ಐತ್ರಿ ಕೆಮ್ಮು?"

ನಲವತ್ತು ವರ್ಷದಿಂದ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಮುದಿ ದನಿಯೊಂದು ಬಂತು.

"ಮಾಸ್ಕ್ ತಗಿ ಬೇಟಿ. ಅದು ರೋಗ ಅಲ್ಲ, ನಮ್ಮ ಸರ್. ಬರ್ರಿ ಸರ್, ದಾರಿ ಖಾಲಿ ಐತಿ."

ಖಾಲಾಗೆ ಈಗ ಕಣ್ಣು ಕಾಣುವುದಿಲ್ಲ. ನಾನು ಹತ್ತಿರ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರೆ ಅವರೇ ಕೈ ಹಿಡಿದು ಹೇಳಿದರು. "ನಮ್ಮ ಸಾಹೇಬ್ರು ಹೋಗೋತನಕ ಅದನ್ನ ಕೇಳತಿದ್ರು, ಸರ್ ಪುಸ್ತಕ ಪೂರಾ ಮಾಡಿದ್ರೇನು ಅಂತ. ಈಗರ ಬರೀರಿ. ಹೊರಗ ಹೋದದ್ದು ತಿರುಗಿ ಒಳಗ ಬರಾಕ ಬರ್ತೈತಿ. ಕೆಮ್ಮಿದ್ರ ಸಾಕು."