ಒಂದು ಬೆರಳು ಸಡಿಲ

ನಮ್ಮನೆಯವರ ಮೇಲೆ ನನಗೆ ಅನುಮಾನ. ಹೀಗೆಂದ ಕೂಡಲೇ ನಿಮ್ಮ ಕಿವಿ ನೆಟ್ಟಗಾಯಿತು, ಗೊತ್ತು. ಆ ಥರದ ಅನುಮಾನವಲ್ಲ. ಅದಕ್ಕೆಲ್ಲ ಅವರಿಗೆ ಪುರುಸೊತ್ತೂ ಇಲ್ಲ, ಧೈರ್ಯವೂ ಇಲ್ಲ. ನನ್ನದು ಬಿಸ್ಕತ್ತಿನ ಅನುಮಾನ.

ಮೂರು ವರ್ಷದ ಹಿಂದೆ ತೂಕ ಇಳಿಸಲೆಂದು ಅವರ ಹೊಟ್ಟೆಗೆ ಆಪರೇಷನ್ ಮಾಡಿಸಿದೆವು. ಡಾಕ್ಟರು ಜಠರವನ್ನು ಕತ್ತರಿಸಿ, ಒಂದು ಬಾಳೆಹಣ್ಣಿನಷ್ಟು ಉಳಿಸಿ, ಹೊಲಿದು ಮನೆಗೆ ಕಳಿಸಿದರು. (ನಾನೂ ಹೊಲಿಗೆಯವಳೇ. ಮುಂದಿನ ಕೋಣೆಯಲ್ಲಿ ಮಿಷನ್ನು ಹಾಕಿಕೊಂಡು ಬೀದಿಯ ಹೆಂಗಸರ ಬಟ್ಟೆಯೆಲ್ಲ ನಾನೇ ಹೊಲಿಯುವುದು. ಹೊಲಿಗೆ ಹೇಗೆ ಹಾಕಿದ್ದೀರಿ ತೋರಿಸಿ ಅಂದೆ. ಅದು ಒಳಗಿದೆ ಅಂದುಬಿಟ್ಟರು. ಆಗಿನಿಂದ ಆ ಹೊಲಿಗೆಯ ಮೇಲೂ ನನಗೊಂದು ಸಣ್ಣ ಅನುಮಾನ.) ಆಪರೇಷನ್ನಿಗೆ ಮೊದಲು ಅವರು ಮಂಚ ಏರಿದರೆ ನಾನು ಇಳಿಜಾರಿನಲ್ಲಿ ಮಲಗಬೇಕಿತ್ತು. ಅದನ್ನಾದರೂ ಸಹಿಸಿಕೊಳ್ಳಬಹುದು. ನಿದ್ದೆಯಲ್ಲಿ ಅವರ ಉಸಿರೇ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿತ್ತು. ನಾನು ಮೊಣಕೈಯಿಂದ ತಿವಿದರೆ ಮತ್ತೆ ಚಾಲೂ ಆಗುತ್ತಿತ್ತು. ಒಂದು ದಿನ ನನಗೇ ಗಾಢ ನಿದ್ದೆ ಬಂದರೆ ಗತಿಯೇನು ಎಂಬ ಹೆದರಿಕೆಯಲ್ಲಿ ಎಷ್ಟೋ ವರ್ಷ ಅರೆನಿದ್ದೆ ಮಾಡಿದವಳು ನಾನು. ಈಗ ಅವರು ಮಗುವಿನ ಹಾಗೆ ಮಲಗುತ್ತಾರೆ. ಆ ಉಸಿರಿಗೋಸ್ಕರ ನಾನು ಯಾರ ಮೇಲೆ ಬೇಕಾದರೂ ಅನುಮಾನ ಪಡುತ್ತೇನೆ.

ಹೋದ ವರ್ಷದ ತಪಾಸಣೆಯಲ್ಲಿ ಆಸ್ಪತ್ರೆಯ ಪಥ್ಯದ ಮೇಡಂ ಸ್ಪಷ್ಟವಾಗಿ ಹೇಳಿದ್ದರು.

"ತೂಕ ಇಳಿಸೋದು ನಮ್ಮ ಕತ್ತರಿ. ಇಳಿದದ್ದನ್ನ ಉಳಿಸಿಕೊಳ್ಳೋದು ನಿಮ್ಮ ಅಡುಗೆಮನೆ. ಎರಡು ಮೂರು ವರ್ಷ ಆದ ಮೇಲೆ ಅದು ಮೆಲ್ಲಗೆ, ಗೊತ್ತೇ ಆಗದ ಹಾಗೆ ವಾಪಸ್ ಬರುತ್ತೆ. ಒಂದು ಚೂರು, ಇನ್ನೊಂದು ಚೂರು ಅಂತ ಬಾಯಾಡಿಸ್ತಾ ಇರ್ತಾರಲ್ಲ, ಅದರಿಂದಲೇ. ಮನೇಲಿ ಎಲ್ಲರೂ ಹುಷಾರಾಗಿರಿ."

ಎಲ್ಲರೂ ಅಂದರೆ ಇನ್ಯಾರು? ತಿನ್ನುವವರು ಅವರು, ಕಾಯುವವಳು ನಾನು. ಅಂದಿನಿಂದ ನಾನು ನಮ್ಮ ಮನೆಯ ಗೃಹಮಂತ್ರಿ, ಪೊಲೀಸು, ಗುಪ್ತಚರ ಎಲ್ಲವೂ ಆದೆ.

ಕಾಯುವುದೇನು ಸುಲಭವೇ? ನಮ್ಮನೆಯವರ ಕೆಲಸ ಬೇಕರಿಯಲ್ಲಿ, ಒಲೆಯ ಮುಂದೆ. ಆ ಬೇಕರಿಯಲ್ಲಿ ಒಂದು ಪದ್ಧತಿ: ಒಡೆದ ಬಿಸ್ಕತ್ತು, ಕೇಕಿನ ಅಂಚು, ಬನ್ನಿನ ಸೀದ ಮೂಲೆ ಇವನ್ನೆಲ್ಲ ಸಂಜೆ ಕೆಲಸದವರು ಹಂಚಿಕೊಂಡು ಮನೆಗೆ ಒಯ್ಯಬಹುದು. ಮೊದಲೆಲ್ಲ ಅವರು ತಂದದ್ದನ್ನು ಇಬ್ಬರೂ ಕೂತು ತಿನ್ನುತ್ತಿದ್ದೆವು. ಆಪರೇಷನ್ ಆದ ಮೇಲೆ ಬೇಕರಿಯದೊಂದು ಚೂರೂ ಹೊಸ್ತಿಲು ದಾಟಕೂಡದೆಂದು ನಾನು ಕಾನೂನು ಮಾಡಿದೆ. ಅವರೆದುರು ನಾನೂ ತಿನ್ನುವುದಿಲ್ಲವೆಂದು ಬಾಯಿ ಕಟ್ಟಿದೆ.

ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ತಪಾಸಣೆ.

"ಬಾಯಿ ತೆಗೀರಿ."

"ಯಾಕೆ?"

"ಆಕಳಿಸೋ ಥರ ತೆಗೀರಿ, ಸಾಕು. ಹೂಂ, ಬೆಣ್ಣೆ ವಾಸನೆ."

"ದಿನವೆಲ್ಲ ಬೇಕರೀಲಿ ನಿಂತವನ ಮೈಯಿಂದ ಸೋಪಿನ ವಾಸನೆ ಬರುತ್ತಾ?"

"ನಾನು ಕೇಳ್ತಿರೋದು ಮೈದಲ್ಲ, ಬಾಯಿದು."

"ಬಾಯೇನು ಮನೇಲಿ ಬಿಟ್ಟು ಹೋಗಿದ್ನಾ ಮಾರಾಯ್ತಿ? ಅದೂ ಮೈ ಜೊತೇಲೇ ಬಂದಿತ್ತು."

ಇಷ್ಟು ಚುರುಕಾಗಿ ಉತ್ತರ ಹೇಳುವವನನ್ನು ಯಾವ ಪೊಲೀಸು ನಂಬುತ್ತಾನೆ ಹೇಳಿ. ಪ್ರತಿ ಭಾನುವಾರ ಟೇಪು ಹಿಡಿದು ಅವರ ಸೊಂಟ ಅಳೆಯುತ್ತೇನೆ. ಅಳತೆ ಅಲ್ಲಿಂದಿಲ್ಲಿಗೆ ಕದಲುವುದಿಲ್ಲ. ಖಂಡಿತ ಉಸಿರು ಬಿಗಿಹಿಡಿದಿರುತ್ತಾರೆ. "ಉಸಿರು ಬಿಡ್ರೀ" ಎಂದು ಗದರಿದರೆ "ಬಿಟ್ಟೇ ನಿಂತಿದೀನಿ ಕಣೇ" ಅನ್ನುತ್ತಾರೆ.

(ನನ್ನ ವಿಷಯ ಬೇರೆ. ಯಾವ ದರ್ಜಿ ತನ್ನ ಮೈಗೆ ತಾನೇ ಟೇಪು ಹಿಡಿದುಕೊಳ್ಳುತ್ತಾಳೆ? ಹಿಂದಿನ ಸಲ ಹೊಲಿದ ಬಟ್ಟೆಯನ್ನೇ ಅಳತೆಗೆ ಹಾಸಿಕೊಂಡು, ಒಗೆದರೆ ಕುಗ್ಗುತ್ತದೆ, ಒಂದು ಬೆರಳು ಸಡಿಲ ಇರಲಿ ಎಂದು ಕತ್ತರಿ ಹಾಕುವುದು. ಮುಂದಿನದಕ್ಕೆ ಇದೇ ಅಳತೆ, ಮತ್ತೆ ಒಂದು ಬೆರಳು. ಈಗಿನ ಬಟ್ಟೆಗಳು ಎಷ್ಟು ಕುಗ್ಗುತ್ತವೆಯೆಂದರೆ ಆ ಬೆರಳೂ ಸಾಲದೆ ಬರುತ್ತಿದೆ. ಬಟ್ಟೆ ಅಂಗಡಿಯವನ ಮೇಲೂ ನನಗೆ ಅನುಮಾನ ಶುರುವಾಗಿದೆ.)

ಮೊದಲ ಪುರಾವೆ ಸಿಕ್ಕಿದ್ದು ಮಿಷನ್ನಿನ ಪಕ್ಕದ ಕಪಾಟಿನಲ್ಲಿ. ಕೆಂಪು ದಾರ ಹುಡುಕಲು ದಾರದ ಡಬ್ಬಿ ಎಳೆದರೆ ಅದರ ಹಿಂದೆ ಒಂದು ಪೊಟ್ಟಣ. ಬಿಚ್ಚಿದರೆ ಬೆಣ್ಣೆ ಬಿಸ್ಕತ್ತಿನ ಚೂರುಗಳು. ನನ್ನ ಕೋಣೆ, ನನ್ನ ಕಪಾಟು, ನನ್ನ ದಾರದ ಡಬ್ಬಿ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ. ಪೊಲೀಸು ಹುಡುಕುವುದೆಲ್ಲ ಊರಿಡೀ, ಕಳ್ಳಮಾಲು ಠಾಣೆಯಲ್ಲಿ.

ಆಗಲೇ ಕೂಗಾಡಬಹುದಿತ್ತು. ಆದರೆ ಕೂಗಾಡಿದರೆ ಅವರು ಜಾಗ ಬದಲಾಯಿಸುತ್ತಾರೆ. ರೆಡ್‌ಹ್ಯಾಂಡಾಗಿ ಹಿಡಿಯಬೇಕು. ಸದ್ಯಕ್ಕೆ ಆ ಬಿಸ್ಕತ್ತು ಅವರ ಹೊಟ್ಟೆಗೆ ಹೋಗದಂತೆ ತಡೆಯುವುದು ಮುಖ್ಯ. ಕಸದ ಬುಟ್ಟಿಗೆ ಹಾಕಿದರೆ ಗೊತ್ತಾಗುತ್ತದೆ, ಅನ್ನ ಬಿಸಾಡಬಾರದು ಬೇರೆ. ಹಾಗಾಗಿ ಅನ್ಯಮಾರ್ಗವಿಲ್ಲದೆ, ಮನಸ್ಸಿಲ್ಲದ ಮನಸ್ಸಿನಿಂದ, ಮಾಲನ್ನು ನಾನೇ ಮುಗಿಸಿದೆ. (ಗರಿಗರಿಯಾಗಿತ್ತು.)

ಮರುದಿನ ನೋಡಿದರೆ ಅದೇ ಜಾಗದಲ್ಲಿ ಹೊಸ ಪೊಟ್ಟಣ. ಮೊದಲಿನದಕ್ಕಿಂತ ದಪ್ಪ. ಇವರ ಭಂಡತನ ನೋಡಿ. ಅದನ್ನೂ ಮುಗಿಸಿದೆ. ಅದರ ಮರುದಿನ ಕೇಕಿನ ಅಂಚು. ನಾನು ಮುಗಿಸಿದಷ್ಟೂ ಅವರು ತುಂಬಿಸುತ್ತಾರೆ, ಅವರು ತುಂಬಿಸಿದಷ್ಟೂ ನಾನು ಮುಗಿಸುತ್ತೇನೆ. ಸಂಜೆ ಬಂದವರು ಕಪಾಟಿನ ಕಡೆ ಓರೆಗಣ್ಣು ಹಾಯಿಸಿ, ಪೊಟ್ಟಣ ಖಾಲಿಯಾದದ್ದು ಕಂಡು ಒಳಗೊಳಗೇ ನಗುತ್ತಿದ್ದರು. ಆ ಕಳ್ಳನಗೆ ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿ. ಒಂದು ದಿನ ಗಾಳಿಗೆ ಗುಂಡು ಹೊಡೆದೆ.

"ಈ ಮನೇಲಿ ಯಾರೋ ಕದ್ದು ತಿಂತಿದಾರೆ."

ಅವರು ತಟ್ಟನೆ ತಲೆ ತಗ್ಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ತಿಂದ್ರೆ ತಿನ್ನಲಿ ಬಿಡೇ, ಪಾಪ" ಅಂದರು. "ದಿನವೆಲ್ಲ ದುಡಿಯೋ ಜೀವ."

ತನ್ನ ಮೇಲೆ ತನಗೇ ಎಂಥ ಕನಿಕರ.

ಎರಡನೆಯ ಪುರಾವೆ ಕೊಟ್ಟದ್ದು ಸ್ಕೂಟರು. ಅವರು ಓಡಿಸುತ್ತಾ, ನಾನು ಹಿಂದೆ ಕೂತು ಹೊರಟರೆ, ರಸ್ತೆಯ ಉಬ್ಬು ಬಂದಾಗಲೆಲ್ಲ ಚಕ್ರ ಕಿರ್ ಅಂತ ಉಜ್ಜತೊಡಗಿತು. ಆಪರೇಷನ್ನಿಗೆ ಮೊದಲು ಇದೇ ಸದ್ದು ಬರುತ್ತಿತ್ತು. ಇವರನ್ನು ಎಳೆದುಕೊಂಡೇ ಮೆಕ್ಯಾನಿಕ್ ಹತ್ತಿರ ಹೋದೆ.

"ಲೋಡು ಜಾಸ್ತಿ ಆಗಿದೆ ಅಕ್ಕಾ" ಅಂದ ಆತ.

"ಕೇಳಿಸ್ತಾ?" ಅಂದೆ ಇವರಿಗೆ. ಇವರು ಆಕಾಶ ನೋಡುತ್ತಿದ್ದರು.

"ಮುಂದಿನ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ ಅಕ್ಕಾ. ಹೋಗಿರೋದು ಹಿಂದಿನ ಶಾಕು."

"ಮುಂದೆ ಕೂತೋರ ಭಾರ ಹಿಂದಕ್ಕೇ ತಾನೇ ಬರೋದು?"

ಮೆಕ್ಯಾನಿಕ್ ಒಂದು ಸಲ ನನ್ನನ್ನು ನೋಡಿದ, ಒಂದು ಸಲ ಹಿಂದಿನ ಸೀಟನ್ನು ನೋಡಿದ. ಆಮೇಲೆ ಸ್ಪ್ಯಾನರು ತೆಗೆದುಕೊಂಡು ಗಾಡಿಯ ಕೆಳಗೆ ನುಸುಳಿದವನು ನಾವು ಹೋಗುವ ತನಕ ಹೊರಗೆ ಬರಲಿಲ್ಲ. ಇವರಿಬ್ಬರೂ ಒಳಗೊಳಗೇ ಒಂದಾಗಿದ್ದಾರೆ ಎಂದು ನನಗೆ ಆಗಲೇ ಹೊಳೆಯಿತು.

ಅಂತೂ ಈ ವರ್ಷದ ತಪಾಸಣೆಯ ದಿನ ಬಂತು. ಆವತ್ತಿನ ಪೊಟ್ಟಣವನ್ನು ಸಾಕ್ಷಿಗೆಂದು ಕೈಚೀಲದಲ್ಲಿ ಇಟ್ಟುಕೊಂಡೆ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಕಾಯಬೇಕಾಯಿತು. ಕೊನೆಗೆ ಒಳಗೆ ಕರೆದರು. ಪಥ್ಯದ ಮೇಡಂ ಇವರನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿ ಮೆಚ್ಚುಗೆಯಿಂದ ತಲೆಯಾಡಿಸಿದರು.

"ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ. ಬಹಳ ಜನಕ್ಕೆ ಇದೇ ಕಷ್ಟ."

"ಮೆಷಿನ್ ಸರಿಯಿದೆಯಾ ಮೇಡಂ?" ಅಂದೆ.

"ಅನುಮಾನ ಇದ್ರೆ ನೀವೇ ಹತ್ತಿ ನೋಡಿ."

ಹತ್ತಿದೆ. ಆಪರೇಷನ್ ಸಮಯದಲ್ಲಿ ಇದೇ ಮೆಷಿನ್ ಮೇಲೆ ತಮಾಷೆಗೆ ನಿಂತಿದ್ದೆ, ನನ್ನ ತೂಕ ನನಗೆ ನೆನಪಿತ್ತು. ಈಗ ಅದು ಹದಿನಾಲ್ಕು ಕಿಲೋ ಹೆಚ್ಚು ತೋರಿಸಿತು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

"ನೋಡಿ ಮತ್ತೆ. ಕೆಟ್ಟಿದೆ ಅಂತ ನಾನು ಹೇಳಲಿಲ್ವಾ?"

ಮೇಡಂ ಮೂಲೆಯಲ್ಲಿದ್ದ ಐದು ಕಿಲೋ ಕಬ್ಬಿಣದ ಬಟ್ಟನ್ನು ತಂದು ಮೆಷಿನ್ ಮೇಲೆ ಇಟ್ಟರು. ಐದೇ ತೋರಿಸಿತು. ಕಬ್ಬಿಣದ ಮೇಲೆ ಹೇಗೆ ಅನುಮಾನ ಪಡುವುದೆಂದು ನನಗೆ ತಕ್ಷಣ ತೋಚಲಿಲ್ಲ.

"ನೀವೇನು ತಿಂತೀರಿ?" ಎಂದು ಕೇಳಿದರು ಮೇಡಂ.

"ನಾನೆಲ್ಲಿ ತಿಂತೀನಿ? ತಿನ್ನೋರು ಇವರು. ಕದ್ದು ತಂದು ನನ್ನ ದಾರದ ಡಬ್ಬಿ ಹಿಂದೆ ಬಚ್ಚಿಡ್ತಾರೆ. ಸಾಕ್ಷಿ ತಂದಿದೀನಿ" ಎಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಒಳಗೆ ಎರಡೇ ಚೂರಿದ್ದವು. (ಹೊರಗೆ ಬಹಳ ಹೊತ್ತು ಕಾಯಬೇಕಾಯಿತು ಅಂದೆನಲ್ಲ.)

ನಮ್ಮನೆಯವರು ಪೊಟ್ಟಣವನ್ನೂ ನನ್ನನ್ನೂ ಪಿಳಿಪಿಳಿ ನೋಡಿದರು.

"ಅದು ನಿಂಗೆ ಇಟ್ಟಿದ್ದಲ್ವೇನೇ?"

"ನಂಗಾ?"

"ಮತ್ತಿನ್ಯಾರಿಗೆ? ನನ್ನ ಹೊಟ್ಟೆ ಕೊಯ್ದಿದ್ದಕ್ಕೆ ನೀನ್ಯಾಕೆ ಬಾಯಿ ಕಟ್ಟಬೇಕು? ನನ್ನೆದುರು ತಿನ್ನೋಕೆ ನಿಂಗೆ ಸಂಕೋಚ ಅಂತ ಸುಮ್ಮನೆ ಅಲ್ಲಿಟ್ಟು ಹೋಗ್ತಿದ್ದೆ. ದಿನಾ ಖಾಲಿ ಆಗ್ತಿತ್ತು. ಇಷ್ಟಪಟ್ಟು ತಿಂತಿದಾಳೆ ಪಾಪ ಅಂತ ಒಂದೊಂದು ಹಿಡಿ ಜಾಸ್ತಿ ಕಟ್ಟಿಸಿಕೊಂಡು ಬರ್ತಿದ್ದೆ."

ನನಗೆ ಅಳು ಬಂತು, ನಗುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಎದೆಯ ಮೇಲಿದ್ದ ಬಿಸ್ಕತ್ತಿನ ಪುಡಿ ಕೊಡವಿಕೊಂಡೆ. ಮೇಡಂ ಕಿಟಕಿಯ ಕಡೆ ತಿರುಗಿ ಕೆಮ್ಮಿದರು.

"ಮತ್ತೆ ಸ್ಕೂಟರು?" ಅಂದೆ ಮೆಲ್ಲಗೆ. "ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿ ಮನೇಲಿ ಇರಬೇಕಲ್ಲ?"

ಮೇಡಂ ನಮ್ಮನೆಯವರಿಗೆ ಮೂರು ವರ್ಷದ ಹಿಂದೆ ಹೇಳಿದ್ದನ್ನೆಲ್ಲ ಈಗ ನನಗೆ ಹೇಳಿದರು. ನಿಧಾನಕ್ಕೆ ಅಗಿಯಬೇಕು, ನಡೆಯಬೇಕು, ಚೂರುಪಾರು ಬಾಯಾಡಿಸಬಾರದು. ಆಮೇಲೆ ಇವರ ಕಡೆ ತಿರುಗಿ, "ನೀವು ಉಳಿಸಿಕೊಳ್ಳೋದು ಕಲಿತಿದೀರಿ. ಇನ್ನು ಇವರ ಮೇಲೂ ಸ್ವಲ್ಪ ಕಣ್ಣಿಡಿ" ಅಂದರು. ನನ್ನ ಗೃಹಖಾತೆ ಹೋಯಿತು ಎಂದು ನನಗೆ ಅಲ್ಲೇ ಗೊತ್ತಾಯಿತು.

ವಾಪಸು ಬರುವಾಗ ಪ್ರತಿ ಉಬ್ಬಿಗೂ ಸ್ಕೂಟರು ಕಿರ್ ಅಂತ ಸಾಕ್ಷಿ ಹೇಳಿತು. ಇಬ್ಬರೂ ಕೇಳಿಸದವರ ಹಾಗೆ ಕೂತಿದ್ದೆವು.

ಭಾನುವಾರ ಬಂತು. ನಾನು ಅಭ್ಯಾಸಬಲದಿಂದ ಟೇಪಿಗೆ ಕೈಚಾಚಿದರೆ ಅದು ಗೂಟದಲ್ಲಿ ಇರಲಿಲ್ಲ. ನಮ್ಮನೆಯವರ ಕೊರಳಲ್ಲಿತ್ತು.

"ಬಾ ಇಲ್ಲಿ. ನೆಟ್ಟಗೆ ನಿಂತ್ಕೋ."

ನಿಂತೆ. ಅವರು ಬಗ್ಗಿ ನನ್ನ ಸೊಂಟಕ್ಕೆ ಟೇಪು ಸುತ್ತಿದರು, ಕಣ್ಣು ಕಿರಿದು ಮಾಡಿ ಅಂಕಿ ನೋಡಿದರು, ಆಮೇಲೆ ತಲೆಯೆತ್ತಿ ನನ್ನ ಮುಖವನ್ನೇ ದಿಟ್ಟಿಸಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದು ನನ್ನದೇ ನೋಟ.

"ಉಸಿರು ಬಿಡೇ" ಅಂದರು.