ಜಪಾನಿನ ಹುಡುಗ ವಾಪಸು ಬಂದನಾ?

ಸಿನಿಮಾ ಅಂದರೆ ಎರಡು ಮೂರು ಗಂಟೆಯಲ್ಲಿ ಮುಗಿಯಬೇಕು. ನಾನು ನೋಡಿದ ಒಂದು ಸಿನಿಮಾ ಮಾತ್ರ ಇನ್ನೂ ಮುಗಿದಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮನೆಯ ಜಗಲಿಯಲ್ಲಿ, ಎಲ್ಲಿ ಹೋದರೂ ಅದರ ಹೆಸರಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಇದುವರೆಗೆ ಬರೆದದ್ದೆಲ್ಲ ಫ್ಲೆಕ್ಸಿನ ಮೇಲೆ. ‘ಹಾರ್ದಿಕ ಸ್ವಾಗತ’, ‘ಶುಭ ಕೋರುವವರು’, ಇಷ್ಟೇ. ಬಿ.ಸಿ. ರೋಡಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವುದು ನನ್ನ ಕೆಲಸ. ಅದಕ್ಕಿಂತ ಉದ್ದದ್ದು ಬರೆಯುವುದು ಇದೇ ಮೊದಲು. ಹಾಗಾಗಿ ಎಲ್ಲವನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಮೊದಲೇ ಗೊತ್ತಿದ್ದರೆ ದಾಟಿಕೊಂಡು ಹೋಗಿ, ಬೇಸರವಿಲ್ಲ.

ಮೊದಲು ಆ ಸಿನಿಮಾದ ವಿಷಯ. ಅದು ಜಪಾನಿನದ್ದು. ಅದರಲ್ಲಿ ನಟರಿಲ್ಲ, ಎಲ್ಲ ಕೈಯಲ್ಲಿ ಬಿಡಿಸಿದ ಚಿತ್ರಗಳು. ಸಣ್ಣ ಊರಿನ ಒಬ್ಬಳು ಹುಡುಗಿಗೆ ಹಕ್ಕಿಗಳ ಚಿತ್ರ ಬಿಡಿಸುವ ಹುಚ್ಚು. ಅವಳ ಶಾಲೆಯ ಒಬ್ಬ ಹುಡುಗನಿಗೆ ಮಡಕೆ ಮಾಡುವ ಹುಚ್ಚು. ಇಬ್ಬರಿಗೂ ಪ್ರೀತಿಯಾಗುತ್ತದೆ. ಆದರೆ ಹುಡುಗ ಆ ವಿದ್ಯೆ ಕಲಿಯಲು ಎರಡು ವರ್ಷ ದೂರದ ದ್ವೀಪಕ್ಕೆ ಹೋಗುತ್ತಾನೆ. ಅವನು ಬರುವಷ್ಟರಲ್ಲಿ ತಾನೂ ಏನಾದರೂ ಮಾಡಿ ತೋರಿಸಬೇಕೆಂದು ಹುಡುಗಿ ಬಿಡಿಸಲು ಕೂರುತ್ತಾಳೆ. ಇಷ್ಟೇ ಕಥೆ. ಇದನ್ನು ಕೇಳಿದವರೆಲ್ಲ “ಓ, ಕಾರ್ಟೂನಾ?” ಅನ್ನುತ್ತಾರೆ. ಅಲ್ಲ. ಕಾರ್ಟೂನ್ ನೋಡಿ ಇಪ್ಪತ್ತಮೂರು ವರ್ಷದವಳು ಅಳುವುದಿಲ್ಲ. ನಾನು ಅತ್ತಿದ್ದೇನೆ, ಅದರಲ್ಲಿ ನನಗೆ ನಾಚಿಕೆಯೂ ಇಲ್ಲ.

ಸಿದ್ಧಕಟ್ಟೆ ದಾಟುವಾಗ

ಅತ್ತದ್ದು ಬಸ್ಸಿನಲ್ಲಿ. ನನ್ನ ಮನೆ ಮೂಡುಬಿದಿರೆ ಹತ್ತಿರ. ಅಲ್ಲಿಂದ ಬಿ.ಸಿ. ರೋಡಿಗೆ ದಿನಾ ಬಸ್ಸು. ಸಿನಿಮಾವನ್ನು ಈ ಬಸ್ಸಿನಲ್ಲೇ ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡಿದ್ದೆ. ಕೊನೆಯ ತುಂಡಿನಲ್ಲಿ ಹುಡುಗ ದೋಣಿ ಹತ್ತುತ್ತಾನೆ. ಹುಡುಗಿ ಕೈ ಬೀಸುವುದಿಲ್ಲ, ಬಣ್ಣ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾಳೆ. ಸಿದ್ಧಕಟ್ಟೆ ದಾಟುವಾಗ ನಾನು ಗೊಳೋ ಎಂದು ಅತ್ತುಬಿಟ್ಟೆ.

ಪಕ್ಕದಲ್ಲಿ ಮಡಿಲಲ್ಲಿ ಮಲ್ಲಿಗೆಯ ಕಟ್ಟು ಇಟ್ಟುಕೊಂಡ ಒಬ್ಬರು ಹೆಂಗಸು ಕೂತಿದ್ದರು. “ಎಂತ ಆಯ್ತು ಮಗಾ?” ಎಂದರು.

“ಹುಡುಗ ಬಿಟ್ಟು ಹೋದ.”

“ಯಾರ ಹಿಂದೆ?”

“ಯಾರ ಹಿಂದೆಯೂ ಅಲ್ಲ, ಕೆಲಸ ಕಲಿಯಲಿಕ್ಕೆ. ದ್ವೀಪಕ್ಕೆ.”

“ಎಷ್ಟು ಸಮಯಕ್ಕೆ?”

“ಎರಡು ವರ್ಷ.”

ಅವರು ನನ್ನನ್ನು ಬಿಟ್ಟು ಇಡೀ ಬಸ್ಸಿನ ಕಡೆಗೆ ತಿರುಗಿದರು. “ಎರಡೇ ವರ್ಷಕ್ಕಂತೆ! ಅದಕ್ಕೆ ಈ ಅಳು! ನನ್ನವರು ಮದುವೆಯಾದ ತಿಂಗಳಲ್ಲೇ ದುಬೈಗೆ ಹೋದವರು. ಮಗಳು ಅಪ್ಪನ ಮುಖ ನೋಡಿದ್ದು ನಡೆಯಲಿಕ್ಕೆ ಕಲಿತ ಮೇಲೆ. ಎರಡು ವರ್ಷ ಅಂದರೆ ಎಂತ? ಒಂದು ಕಾಂಟ್ರಾಕ್ಟ್!”

ಬಸ್ಸಿನ ಹೆಂಗಸರೆಲ್ಲ ತಲೆಯಾಡಿಸಿದರು. ನಮ್ಮ ಕಡೆ ಮನೆಗೊಬ್ಬರಾದರೂ ಗಲ್ಫಿನಲ್ಲಿರುತ್ತಾರೆ. ಅಗಲಿಕೆಯ ವಿಷಯದಲ್ಲಿ ಇವರ ಎದುರು ಜಪಾನಿನವರು ಇನ್ನೂ ಬಾಲವಾಡಿ. ಅಷ್ಟರಲ್ಲಿ ಕಂಡಕ್ಟರ್ ಜನರ ನಡುವೆ ನುಗ್ಗಿಕೊಂಡು ಬಂದ. “ಅಕ್ಕಾ, ಅವನಿಗೆ ರಿಟರ್ನ್ ಟಿಕೆಟ್ ಉಂಟಲ್ಲ? ಮತ್ತೆ ಎಂತ ಅಳುವುದು! ರೈಟ್ ಪೋಯಿ!” ಎಂದು ಸೀಟಿ ಊದಿದ.

ಗಾಳಿಗೆ ಹಾರುವ ಕೂದಲು

ಆ ಸಿನಿಮಾ ನೋಡಿದ ಮೇಲೆ ನನಗೂ ಬಿಡಿಸುವ ಹುಚ್ಚು ಹಿಡಿಯಿತು. ಅದು ಮೊದಲು ಹೊರಗೆ ಬಿದ್ದದ್ದು ಅಂಗಡಿಯಲ್ಲಿ.

ಫ್ಲೆಕ್ಸ್ ಮಾಡಿಸಲು ಬರುವವರು ವಾಟ್ಸಾಪಿನಲ್ಲಿ ಹತ್ತು ಜನರಿಂದ ದಾಟಿ ಬಂದ, ಉಗುರಿನಷ್ಟು ಗಾತ್ರದ ಫೋಟೋ ಕೊಟ್ಟು “ಇದನ್ನು ಇಪ್ಪತ್ತಡಿ ಮಾಡಿ” ಅನ್ನುತ್ತಾರೆ. ಆಗ ಮುಖ ಹಂಚಿನ ಮಾಡಿನ ಹಾಗೆ ಚೌಕ ಚೌಕ ಕಾಣುತ್ತದೆ. ಒಬ್ಬ ಪುಢಾರಿಯ ಹುಟ್ಟುಹಬ್ಬಕ್ಕೆ ಅಂಥದ್ದೇ ಫೋಟೋ ಬಂತು. ಬೇರೆ ಫೋಟೋ ಇಲ್ಲ, ಸಮಯವೂ ಇಲ್ಲ. ನಾನು ಅವರ ಮುಖವನ್ನು ಜಪಾನಿನ ಶೈಲಿಯಲ್ಲಿ ಬಿಡಿಸಿಬಿಟ್ಟೆ. ದೊಡ್ಡ ಕಣ್ಣು, ಕಣ್ಣಲ್ಲಿ ಎರಡು ಬೆಳಕಿನ ಚುಕ್ಕಿ, ಚೂಪು ಗಲ್ಲ, ಗಾಳಿಗೆ ಹಾರುವ ಕೂದಲು.

ನಮ್ಮ ಅಂಗಡಿಯ ಧನಿಯನ್ನು ಗಿರಾಕಿಗಳೂ ನಾವೂ ‘ಕಾಕ’ ಎಂದೇ ಕರೆಯುವುದು. ಫರಂಗಿಪೇಟೆಯವರು, ಸಾಧು ಮನುಷ್ಯ. ಕಂಬಕ್ಕೆ ಕಟ್ಟಿದ ಫ್ಲೆಕ್ಸ್ ನೋಡಿ ಅಲ್ಲೇ ಬೆವರಿದರು. “ಎಂತ ಮಾಡಿದ್ದು ಮಾರಾಯ್ತಿ? ಅವರ ಮೊಮ್ಮಗ ಸಹ ಇಷ್ಟು ಸಣ್ಣ ಪ್ರಾಯ ಕಾಣುವುದಿಲ್ಲ! ಈಗ ಬಂದು ಶಟರ್ ಎಳೆಸ್ತಾರೆ ನೋಡು.”

ಪುಢಾರಿ ಬಂದರು. ಹಿಂದೆ ನಾಲ್ಕು ಬೈಕು. ಫ್ಲೆಕ್ಸಿನ ಎದುರು ಸುಮಾರು ಹೊತ್ತು ನಿಂತರು. ಆಮೇಲೆ ಒಳಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು, “ಇದು ಕ್ಯಾಲೆಂಡರಿಗೂ ಆಗ್ತದಾ?”

ಮರುವಾರ ಅವರ ಎದುರು ಪಕ್ಷದವರೂ ಬಂದರು. ಬಿ.ಸಿ. ರೋಡಿನ ವೃತ್ತದಲ್ಲಿ ಪಕ್ಷಭೇದವಿಲ್ಲದೆ ಎಲ್ಲರ ಕಣ್ಣೂ ಅರಳಿತು. ಕೊನೆಗೆ ಬಂದವರಿಗೆ ತಲೆಯಲ್ಲಿ ಒಂದೇ ಒಂದು ಎಳೆ ಕೂದಲಿರಲಿಲ್ಲ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, “ನನ್ನದು ಸ್ವಲ್ಪ ಜಾಸ್ತಿ ಹಾರಲಿ” ಎಂದರು.

ಅವರು ಹೋದ ಮೇಲೆ ಕಾಕ ನಿಟ್ಟುಸಿರು ಬಿಟ್ಟು, “ಫ್ಲೆಕ್ಸ್ ಬಿಡುವ ಮಾರಾಯ್ತಿ, ವಿಗ್ಗಿನ ಅಂಗಡಿ ಇಡುವ” ಎಂದರು.

ಬೀಡಿ ಕಟ್ಟುವಲ್ಲಿ ಸೂರ್ಯೋದಯ

ಅಮ್ಮನಿಗೂ ಆ ಸಿನಿಮಾ ತೋರಿಸಬೇಕೆಂದು ಹಠ ಹಿಡಿದೆ. ಅಮ್ಮ ಮಧ್ಯಾಹ್ನ ಜಗಲಿಯಲ್ಲಿ ಬೀಡಿ ಕಟ್ಟುತ್ತಾಳೆ. ಆಗ ಪಕ್ಕದ ಮನೆಯ ಇಬ್ಬರು ಅಕ್ಕಂದಿರೂ ಸೂಪು ಹಿಡಿದುಕೊಂಡು ಬರುತ್ತಾರೆ. ಸೂಪು ಅಂದರೆ ಕುಡಿಯುವುದಲ್ಲ, ಎಲೆ ಮತ್ತು ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರದಂಥದ್ದು. ಸಿನಿಮಾ ಇಳಿಸಿಟ್ಟಿದ್ದ ಮೊಬೈಲನ್ನು ಮೂವರ ಎದುರು ತಂಬಿಗೆಗೆ ಒರಗಿಸಿಟ್ಟೆ. ಜಪಾನಿ ಮಾತು ಅವರಿಗೂ ಬಾರದು, ನನಗೂ ಬಾರದು. ಕೆಳಗೆ ಬರುವ ಇಂಗ್ಲಿಷನ್ನು ನಾನು ಓದಿ ಓದಿ ತುಳುವಿನಲ್ಲಿ ಹೇಳುತ್ತಾ ಹೋದೆ.

ಸಿನಿಮಾದ ನಡುವೆ ಒಂದು ಒಳ್ಳೆಯ ಜಾಗ ಉಂಟು. ಹುಡುಗ ಹುಡುಗಿ ಗುಡ್ಡದ ಮೇಲೆ ಕೂತು ಸೂರ್ಯ ಹುಟ್ಟುವುದನ್ನು ನೋಡುತ್ತಾರೆ. ಮಾತಿಲ್ಲ, ಸಂಗೀತವಿಲ್ಲ, ಯಾರೂ ಅಲುಗುವುದಿಲ್ಲ. ನನ್ನ ಮೈ ಜುಮ್ಮೆನ್ನುವ ಜಾಗ ಅದು.

“ನೆಟ್ ಹೋಯ್ತು” ಎಂದರು ಒಬ್ಬರು ಅಕ್ಕ.

“ಹೋಗಿಲ್ಲ ಅಕ್ಕಾ, ಅವರು ಸುಮ್ಮನೆ ಕೂತಿದ್ದಾರೆ.”

“ಇಷ್ಟು ಹೊತ್ತು ಯಾರು ಸುಮ್ಮನೆ ಕೂರ್ತಾರೆ? ಹೋಗಿದೆ.” ಅವರು ಎದ್ದು, ಮೊಬೈಲನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದು, ತೆಂಗಿನ ಮರದ ಬುಡದಲ್ಲಿ ಕೈ ಮೇಲೆ ಮಾಡಿ ನಿಂತರು. ನಮ್ಮಲ್ಲಿ ರೇಂಜ್ ಸಿಗುವುದು ಅಲ್ಲಿ ಮಾತ್ರ. ಜಪಾನಿನ ಸೂರ್ಯ ನಮ್ಮ ತೆಂಗಿನ ಗರಿಗಳ ನಡುವೆ ಹುಟ್ಟಿದ. ನೋಡಿದವರು ಯಾರೂ ಇಲ್ಲ.

ಹುಡುಗ “ನೀನೆಂದರೆ ನನಗೆ ಇಷ್ಟ” ಅನ್ನುವ ಹೊತ್ತಿಗೆ ಅಕ್ಕ ವಾಪಸು ಬಂದರು. ಮೂವರ ಕೈಯೂ ಒಮ್ಮೆಲೇ ನಿಂತಿತು. ಬೀಡಿ ಕಟ್ಟುವವರ ಕೈ ನಿಲ್ಲುವುದೆಂದರೆ ಸಣ್ಣ ವಿಷಯವಲ್ಲ. ನನಗೆ ಒಳಗೊಳಗೇ ಹೆಮ್ಮೆ. ಆಗ ಅಮ್ಮ ಗಂಭೀರವಾಗಿ ಕೇಳಿದಳು, “ಅವನ ಬರಿ ಯಾವುದು?”

ಬರಿ ಅಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಗೋತ್ರದಂಥದ್ದು. ಒಂದೇ ಬರಿಯವರು ಅಣ್ಣ ತಂಗಿಯ ಲೆಕ್ಕ, ಮದುವೆಯಾಗುವ ಹಾಗಿಲ್ಲ. “ಜಪಾನಿನಲ್ಲಿ ಬರಿ ಇಲ್ಲಮ್ಮ” ಎಂದೆ.

“ಒಂದೇ ಊರು, ಒಂದೇ ಶಾಲೆ, ಬರಿಯನ್ನೂ ಕೇಳಲಿಲ್ಲ!” ಅಮ್ಮ ಮತ್ತೆ ಬೀಡಿ ಸುತ್ತಲು ಶುರು ಮಾಡಿದಳು. “ಆ ಹುಡುಗನನ್ನು ದ್ವೀಪಕ್ಕೆ ಕಳಿಸಿದ್ದೇ ಒಳ್ಳೆಯದಾಯ್ತು.”

ಒಂದು ಸೆಕೆಂಡಿಗೆ ಹನ್ನೆರಡು

ಅಷ್ಟಾದರೂ ನಾನು ಬಿಡಲಿಲ್ಲ. ಎರಡು ನಿಮಿಷದ ನನ್ನದೇ ಒಂದು ಚಿತ್ರ ಮಾಡಲು ಕೂತೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಚಿತ್ರ ಬಿಡಿಸುವ ಒಬ್ಬಳು ಹುಡುಗಿ, ಅವಳಿಗೆ ದಿನಾ ಕಿಟಕಿಯ ಬದಿಯ ಸೀಟು ಹಿಡಿದಿಡುವ ಒಬ್ಬ ಹುಡುಗ. ಕೊನೆಗೆ ಅವನು ವಿಮಾನ ಹತ್ತುತ್ತಾನೆ. ಹುಡುಗ ಯಾರು ಎಂದು ಕೇಳಬೇಡಿ. ಎಲ್ಲವನ್ನೂ ಬಿಡಿಸಿ ಹೇಳುವ ನಾನು ಅದೊಂದನ್ನು ಹೇಳುವುದಿಲ್ಲ.

ಕೆಲಸ ಮುಗಿಯುತ್ತಾ ಬರುವಾಗ ಮಾವ ಅಳದಂಗಡಿಯ ಒಂದು ಸಂಬಂಧ ತಂದರು. ಮಾವ ಅಂದರೆ ಅಮ್ಮನ ಅಣ್ಣ. ಬಹಳ ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ಹುಡುಗನ ಕಡೆಯವರು ನೋಡಲು ಬಂದರು. ಹುಡುಗನ ತಾಯಿ ಕೇಳಿದರು, “ಅಂಗಡಿ ಕೆಲಸ ಬಿಟ್ಟರೆ ಮನೆಯಲ್ಲಿ ಎಂತ ಮಾಡ್ತಿ ಮಗಾ?”

“ಚಿತ್ರ ಬಿಡಿಸಿ ಸಿನಿಮಾ ಮಾಡ್ತೇನೆ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬೇಕು.”

ಹನ್ನೆರಡು ಚಿತ್ರ ಬಿಡಿಸಲು ನನಗೆ ಎರಡು ದಿನ ಬೇಕು, ಪರದೆಯ ಮೇಲೆ ಅವು ಒಂದೇ ಸೆಕೆಂಡಿನಲ್ಲಿ ಓಡಿಹೋಗುತ್ತವೆ. ಇದನ್ನು ವಿವರಿಸಲು ಬಾಯಿ ತೆರೆದೆ. ಇದೊಂದೇ ಸಲ ನನಗೆ ವಿವರಿಸಲು ಯಾರೂ ಬಿಡಲಿಲ್ಲ.

“ಸೆಕೆಂಡಿಗೆ ಹನ್ನೆರಡಾ!” ಆ ತಾಯಿ ಮಗನ ಮೊಣಕೈ ತಿವಿದರು. “ಕೇಳಿದೆಯಾ? ಏನು ಚುರುಕು ಕೈ! ಇವಳಿಗೆ ನೂರು ಜನಕ್ಕೆ ನೀರುದೋಸೆ ಹೊಯ್ಯುವುದು ಎಂತ ಕಷ್ಟ? ನಮಗೆ ಒಪ್ಪಿಗೆ!”

ಅವರು ಹೋದ ಕೂಡಲೇ ನಾನು ಮಾವನ ಎದುರು ನಿಂತೆ. “ಮಾವ, ನನಗೆ ಒಂದು ವರ್ಷ ಕೊಡಿ. ಈ ವಿದ್ಯೆ ಸರಿಯಾಗಿ ಕಲಿಯಬೇಕು. ಅಷ್ಟರವರೆಗೆ ಮದುವೆಯ ಮಾತು ಬೇಡ.”

“ಕಾರ್ಟೂನಿಗೆ ಒಂದು ವರ್ಷವಾ?”

“ಜಪಾನಿನಲ್ಲಿ ಮಡಕೆಗೇ ಎರಡು ವರ್ಷ ಕೊಡ್ತಾರೆ.”

ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿದಳು. ಮಾವ ನನ್ನನ್ನೇ ನೋಡಿದರು. ಅವರು ನಮ್ಮ ಊರಿನ ಯುವಕ ಮಂಡಲದ ಗೌರವಾಧ್ಯಕ್ಷರು. ಯುವಕ ಮಂಡಲಕ್ಕೆ ಅರುವತ್ತು ದಾಟಿದವರೇ ಯಾಕೆ ಗೌರವಾಧ್ಯಕ್ಷರು ಎಂದು ಕೇಳಿದರೆ ನನ್ನಲ್ಲಿಯೂ ವಿವರಣೆ ಇಲ್ಲ. “ಸರಿ. ನಮ್ಮ ವಾರ್ಷಿಕೋತ್ಸವಕ್ಕೆ ಎಲ್‌ಇಡಿ ಪರದೆ ಉಂಟು. ನಿನ್ನದನ್ನು ಹಾಕುವ. ಊರವರು ಕೂತು ನೋಡಿದರೆ ವರ್ಷ ನಿನ್ನದು. ಎದ್ದು ಚರುಮುರಿ ತಿನ್ನಲಿಕ್ಕೆ ಹೋದರೆ ಮದುವೆ ದಿನ ನಾನು ಇಡ್ತೇನೆ” ಎಂದರು.

ಮಾವನಿಗೆ ಊರವರ ಬಗ್ಗೆ ಭಾರೀ ನಂಬಿಕೆ. ಚರುಮುರಿಯ ಬಗ್ಗೆ ಇನ್ನೂ ಹೆಚ್ಚು.

ಊರವರು ನೋಡಿದ್ದು

ನಮ್ಮ ಕಡೆ ಯಾವ ಕಾರ್ಯಕ್ರಮವಾದರೂ ಮೊದಲು ಸಭೆ ಇರಬೇಕು. ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳ ಭಾಷಣ, ಶಾಲು ಹೊದೆಸುವುದು, ವಂದನೆ, ಆಮೇಲೆ ನಾಟಕ. ವಂದನಾರ್ಪಣೆಗೆ ಮೈಕ್ ಹಿಡಿದ ಕೂಡಲೇ ಜನ ಚರುಮುರಿ ಗಾಡಿಯ ಕಡೆ ಏಳುತ್ತಾರೆ. ಮಾವ ನನ್ನ ಚಿತ್ರವನ್ನು ಸರಿಯಾಗಿ ಅದರ ಬೆನ್ನಿಗೇ ಇಟ್ಟಿದ್ದರು.

ವಂದನೆ ಶುರುವಾಯಿತು. ಮುಂದಿನ ಸಾಲಿನಲ್ಲಿ ನಾಲ್ಕೈದು ಜನ ಎದ್ದರು. ಅಷ್ಟರಲ್ಲಿ ವಂದನೆ ಮುಗಿದು ಪರದೆಯ ಮೇಲೆ ನನ್ನ ಬಸ್‌ಸ್ಟ್ಯಾಂಡ್ ಬಂತು.

“ತಡೆ, ತಡೆ, ಜಾಹೀರಾತು” ಎಂದರು ಒಬ್ಬರು. ಆ ಪರದೆಯಲ್ಲಿ ಸಂಜೆಯಿಂದ ಪ್ರಾಯೋಜಕರ ಜಾಹೀರಾತುಗಳೇ ಓಡುತ್ತಿದ್ದವು. ಹುಡುಗಿ ಬಂದಳು. “ಚಿನ್ನದ ಅಂಗಡಿಯದ್ದು” ಎಂದಿತು ಒಂದು ಸ್ವರ. ಮಳೆ ಬಂತು. “ಅಲ್ಲ, ಕೊಡೆಯದ್ದು.” ವಿಮಾನ ಹಾರಿತು. “ನಾನು ಹೇಳಿಲ್ವಾ? ಟ್ರಾವೆಲ್ ಏಜೆನ್ಸಿ!” ಎದ್ದವರು ಕೂತರು. ಕೊನೆಗೆ ಅಂಗಡಿಯ ಹೆಸರು ಬರುತ್ತದೆ, ಯಾರ ಊಹೆ ಸರಿಯೆಂದು ಗೊತ್ತಾಗುತ್ತದೆ ಎಂದು ಇಡೀ ಊರು ಕಾದು ಕೂತಿತು.

ಹೆಸರು ಬರಲಿಲ್ಲ. ಹುಡುಗಿ ಬೆನ್ನು ಹಾಕಿ ಕೂತು ಚಿತ್ರ ಬಿಡಿಸುತ್ತಿರುವಂತೆಯೇ ಪರದೆ ಕಪ್ಪಾಯಿತು.

“ಅಂಗಡಿ ಯಾವುದು?” ಎಂದು ಹಿಂದಿನಿಂದ ಬೊಬ್ಬೆ. ನಿರೂಪಕರು ಓಡಿಬಂದು, “ಪ್ರಾಯೋಜಕರ ಹೆಸರು ಬಿಟ್ಟುಹೋಗಿದೆ, ದಯವಿಟ್ಟು ಕ್ಷಮಿಸಬೇಕು” ಎಂದರು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಅವರ ಕೈಯಿಂದ ಮೈಕ್ ಕಿತ್ತುಕೊಂಡೆ.

“ಇದು ಜಾಹೀರಾತಲ್ಲ. ಕಾರ್ಟೂನೂ ಅಲ್ಲ. ನಾನು ಬಿಡಿಸಿದ್ದು. ಮುಗಿದದ್ದೂ ಅಲ್ಲಿಗೇ.”

ಆಮೇಲೆ ಹೆಂಗಸರ ಬದಿಯಿಂದ ಒಬ್ಬರು ಅಜ್ಜಿ ಎದ್ದು ನಿಂತರು. “ಮುಗಿಯುವುದು ಹೇಗೆ? ಆ ಹುಡುಗ ವಾಪಸು ಬಂದನಾ?”

“ಗೊತ್ತಿಲ್ಲ ಅಜ್ಜಿ.”

“ಬಿಡಿಸಿದವಳಿಗೇ ಗೊತ್ತಿಲ್ಲವಾ!”

ಅಲ್ಲಿಗೆ ಸಭೆ ಎರಡಾಯಿತು. ಬರುತ್ತಾನೆ ಎಂದು ಗಂಡಸರು, ಬಂದರೆ ನೋಡುವ ಎಂದು ಹೆಂಗಸರು. ಬಣ್ಣ ಹಚ್ಚಿಕೊಂಡ ನಾಟಕದವರು ರಂಗದ ಪರದೆ ಸರಿಸಿ ಇಣುಕಿದರು. ಗಾಡಿಯ ಚರುಮುರಿಯವನೂ ಡಬ್ಬಗಳ ಮುಚ್ಚಳ ಹಾಕಿ ಒಳಗೆ ಬಂದು ನಿಂತ. ಎಳ್ಳಷ್ಟೂ ವ್ಯಾಪಾರವಿಲ್ಲ.

ಗಲಾಟೆ ನಿಲ್ಲಿಸಲು ಮಾವ ವೇದಿಕೆ ಹತ್ತಿದರು. ಹೆಗಲಲ್ಲಿ ಆಗಷ್ಟೇ ಹೊದೆಸಿದ ಸನ್ಮಾನದ ಶಾಲು. ಮೈಕಿನಲ್ಲಿ ಘನವಾಗಿ ಹೇಳಿದರು, “ಎಲ್ಲರೂ ಸಮಾಧಾನ ಮಾಡಿ. ಹುಡುಗ ಬರ್ತಾನೆ. ನಾನು ಸಹ ಹೋದವನೇ. ನಾನು ಬರಲಿಲ್ಲವಾ?”

ಆಗ ಹೆಂಗಸರ ಸಾಲಿನಲ್ಲಿ ಅತ್ತೆ ಎದ್ದರು. ಅತ್ತೆ ಅಂದರೆ ಮಾವನ ಹೆಂಡತಿ. ನಾಲ್ಕು ಜನರ ಎದುರು ಅವರ ಸ್ವರವನ್ನು ನಾನು ಅದುವರೆಗೆ ಕೇಳಿದ್ದಿಲ್ಲ. ಅವರಿಗೆ ಮೈಕ್ ಬೇಕಾಗಲಿಲ್ಲ.

“ಬಂದಿರಿ! ಎರಡು ವರ್ಷಕ್ಕೆ ಅಂತ ಹೋದವರು ಬಂದದ್ದು ಆರು ವರ್ಷಕ್ಕೆ! ಅಷ್ಟು ಸಮಯ ಅಂಗಳದ ದಣಪೆ ದಾಟಿ ಯಾರು ಬರ್ತಾರೆಂದು ನೋಡಿಕೊಂಡು ಕೂರುವ ಬದಲು ನಾನು ಸಹ ಚಿತ್ರ ಬಿಡಿಸಿದ್ದರೆ, ಇವತ್ತು ಆ ಶಾಲು ನನ್ನ ಹೆಗಲಲ್ಲಿ ಇರ್ತಿತ್ತು!”

ಹೆಂಗಸರ ಬದಿಯಲ್ಲಿ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ. ಮಾವ ಒಮ್ಮೆ ಅತ್ತೆಯನ್ನು ನೋಡಿದರು, ಒಮ್ಮೆ ಶಾಲು ನೋಡಿಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಮೈಕ್ ಬಂದ್ ಮಾಡಲು ಮರೆತೇ ಹೇಳಿದರು. ಹಾಗಾಗಿ ಊರಿಗೆಲ್ಲ ಕೇಳಿತು.

“ಒಂದು ವರ್ಷ ನಿನ್ನದು. ನಾಳೆ ಬರುವಾಗ ನಿನ್ನ ಅತ್ತೆಗೂ ಒಂದು ಪೆನ್ಸಿಲ್ ತಾ ಮಾರಾಯ್ತಿ. ನನಗೆ ಮನೆಗೆ ಹೋಗ್ಲಿಕ್ಕುಂಟು.”