ಟ್ಯಾಂಕಿನ ಮೇಲಿನ ಶನಿ

ನನ್ನ ಸೋದರಮಾವನ ಕಾಯಂ ವಿಳಾಸ ಈ ಭೂಮಿಯದಲ್ಲ. ರೇಷನ್ ಕಾರ್ಡಿನಲ್ಲಿ ಧರ್ಮಪುರಿ ಜಿಲ್ಲೆ, ಮಾರಂಡಹಳ್ಳಿ ಪಕ್ಕದ ನಮ್ಮೂರು ಅಂತಲೇ ಇದೆ, ಒಪ್ಪುತ್ತೇನೆ. ಆದರೆ ರೇಷನ್ ಕಾರ್ಡಿನಲ್ಲಿ ಇರುವುದೆಲ್ಲ ನಿಜವೇ? ಮಾಮ ಭೂಮಿಗೆ ಇಳಿಯುವುದು ಊಟದ ಹೊತ್ತಿಗೆ ಮಾತ್ರ. ಅದೂ ಅವನ ಹೆಂಡತಿ, ಅಂದರೆ ನಮ್ಮ ಅತ್ತೆ, ಮುದ್ದೆ ಕೋಲನ್ನು ಪಾತ್ರೆಗೆ ಬಡಿದು ಕರೆದರೆ. ಉಳಿದ ಹೊತ್ತೆಲ್ಲ ಕೈಯಲ್ಲಿ ಬ್ರಷ್ಷು ಹಿಡಿದು ಗ್ರಹಗಳ ನಡುವೆ ಎಲ್ಲೋ ಓಡಾಡಿಕೊಂಡಿರುತ್ತಾನೆ.

ಹುಟ್ಟಿನಿಂದ ಹೀಗಿರಲಿಲ್ಲ. ಮಾಮ ಬೋರ್ಡು ಬರೆಯುವವನು. ಪಾಲಕೋಡಿನಿಂದ ಮಾರಂಡಹಳ್ಳಿಯವರೆಗೆ ಟೀ ಅಂಗಡಿ, ಸಲೂನು, ಗೊಬ್ಬರದಂಗಡಿ, ಲಾರಿಯ ಹಿಂಭಾಗ, ಎಲ್ಲದರ ಮೇಲೂ ಅವನ ಅಕ್ಷರವೇ. ಮನೆಯಲ್ಲಿ ಬೈಯುವುದು ಕನ್ನಡದಲ್ಲಿ, ಹೊರಗೆ ಬರೆಯುವುದು ತಮಿಳಿನಲ್ಲಿ. ಆಮೇಲೆ ಫ್ಲೆಕ್ಸ್ ಬಂದು ಅರ್ಧ ಕೆಲಸವನ್ನು ನುಂಗಿತು. ಉಳಿದರ್ಧವನ್ನು ನುಂಗಿದ್ದು ಆಕಾಶ.

ಆದದ್ದಿಷ್ಟು. ಕೆಲವು ವರ್ಷಗಳ ಹಿಂದೆ, ಬೆಟ್ಟದ ಮೇಲೆ ದೊಡ್ಡ ದುರ್ಬೀನು ಇಟ್ಟುಕೊಂಡು ನಕ್ಷತ್ರ ನೋಡುವ ಜಾಗವೊಂದಕ್ಕೆ ‘ಇಲ್ಲಿ ವಾಹನ ನಿಲ್ಲಿಸಬೇಡಿ’ ಎಂದು ಬರೆಯಲು ಅವನನ್ನು ಕರೆಸಿದರು. ಸಂಜೆ ಹೊರಡುವಾಗ ಅಲ್ಲಿನ ಮೇಷ್ಟ್ರೊಬ್ಬರು ‘ನೀವೂ ಒಂದು ಸಲ ನೋಡಿ ಹೋಗಿ’ ಎಂದು ಉಪಚಾರಕ್ಕೆ ಹೇಳಿದ್ದಾರೆ. ಉಪಚಾರಕ್ಕೆ ಹೇಳಿದ್ದನ್ನೆಲ್ಲ ನಿಜವೆಂದು ತಿಳಿಯುವುದು ನಮ್ಮ ವಂಶದ ಗುಣ. ಮಾಮ ಕಣ್ಣಿಟ್ಟವನು ತೆಗೆಯಲೇ ಇಲ್ಲ. ಹಿಂದೆ ಸಾಲಿನಲ್ಲಿದ್ದವರು ಭುಜ ಹಿಡಿದು ಎಳೆಯಬೇಕಾಯಿತಂತೆ. ಕೊನೆಯ ಬಸ್ಸು ಹೋಯಿತು. ಮಾರನೆಯ ದಿನ ಮನೆಗೆ ಬಂದ ಮನುಷ್ಯನೇ ಬೇರೆ. ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಒಂದಿಷ್ಟೂ ಘಾಟು ಬರಲಿಲ್ಲ. ಯಾರದೋ ಕಣ್ಣು ಭಾರಿಯಾಗೇ ಬಿದ್ದಿದೆ ಎಂದಳು. ಬಿದ್ದದ್ದೇನೋ ನಿಜ, ಆದರೆ ಕಣ್ಣು ಇವನದೇ.

ಅಲ್ಲಿಂದ ಶುರುವಾಯಿತು ನೋಡಿ. ಮದುವೆ ಮನೆಯೊಂದರ ಗೋಡೆಗೆ ಚಂದ್ರನನ್ನು ಬರೆಯಲು ಹೇಳಿದರೆ, ತಾನು ಕಂಡಂತೆ ಕುಳಿಗಳ ಸಮೇತ ಬರೆದ. ಹುಡುಗಿಯ ತಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಏನಣ್ಣಾ ಇದು, ಚಂದ್ರಂಗೆ ಅಮ್ಮ ಬಂದೈತಾ? ಬೇವಿನ ಸೊಪ್ಪು ಕಟ್ಬೇಕಾ?” ಎಂದಳು. ಮಾಮ ರಾತ್ರೋರಾತ್ರಿ ಚಂದ್ರನ ಮುಖಕ್ಕೆ ಪುಟ್ಟಿ ಮೆತ್ತಿ ನುಣ್ಣಗೆ ಮಾಡಿಕೊಟ್ಟ.

ಪಂಕ್ಚರ್ ಅಂಗಡಿಯದು ಇನ್ನೂ ಚೆನ್ನಾಗಿದೆ. ಬೋರ್ಡಿಗೆ ಒಂದು ಟೈರು ಬರೆದರೆ ಸಾಕಿತ್ತು. ಮಾಮ ಬರೆದದ್ದು ಕಪ್ಪು ಕುಳಿ. ನಕ್ಷತ್ರಗಳೆಲ್ಲ ಸುರುಳಿ ಸುತ್ತಿಕೊಂಡು ಒಳಗೆ ಹೋಗುತ್ತಿವೆ, ಜೊತೆಗೆ ಒಂದು ಟಿವಿಎಸ್ ಗಾಡಿಯೂ ಹೋಗುತ್ತಿದೆ! ಅಂಗಡಿಯವನು ಬಹಳ ಹೊತ್ತು ನೋಡಿ ಕೇಳಿದ.

“ಮಾಮಾ, ಗಾಡಿ ಒಳಗೆ ಓಗ್ತಾ ಐತೆ, ಸರಿ. ಈಚೆಗೆ ಬರೋದು ಎಂಗೆ?”

“ಬರಲ್ಲ ಕಣ್ಲಾ. ಬೆಳಕೇ ಬರಲ್ವಂತೆ, ನಿನ್ ಗಾಡಿ ಎಲ್ ಬತ್ತೈತೆ?”

ಗಾಡಿ ಕೊಟ್ಟರೆ ವಾಪಸ್ಸು ಬರುವುದಿಲ್ಲ ಎಂದು ತನ್ನ ಬೋರ್ಡಿನಲ್ಲೇ ಸಾರುವ ಮೆಕ್ಯಾನಿಕ್ ಯಾರಿದ್ದಾನೆ? ಅದೂ ಅಳಿಸಿಹೋಯಿತು. ಹೀಗೆ ಮಾಮ ಬರೆಯುವುದು, ಊರು ಅಳಿಸುವುದು ನಡೆದೇ ಇತ್ತು. ಅಳಿಸಿದ ದಿನ ಅವನು ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅವನ ತಟ್ಟೆ ನೋಡಿಯೇ ಈವತ್ತು ಎಲ್ಲಿ ಸುಣ್ಣ ಬಿತ್ತು ಎಂದು ಅತ್ತೆ ತಿಳಿದುಕೊಳ್ಳುತ್ತಿದ್ದಳು.

ಅತ್ತೆಯ ವಿಚಾರ ಇಲ್ಲೇ ಹೇಳಿಬಿಡಬೇಕು. ಅವಳು ನಮ್ಮೂರ ಸ್ಕೂಲಿನಲ್ಲಿ ಮಧ್ಯಾಹ್ನದ ಅಡುಗೆಯವಳು. ಆದರೆ ನಮ್ಮ ಅಜ್ಜಿ, ಅಂದರೆ ಅತ್ತೆಯ ಅತ್ತೆ, ಬದುಕಿರುವವರೆಗೂ ಅವಳನ್ನು ಹೆಸರು ಹಿಡಿದು ಕರೆದವಳಲ್ಲ. ‘ಸನಿಯನೇ’, ಅಂದರೆ ತಮಿಳಿನಲ್ಲಿ ‘ಶನಿಯೇ’, ಎಂದೇ ಕರೆಯುತ್ತಿದ್ದಳು. ಅತ್ತೆ ಸೊಸೆಯಾಗಿ ಬಂದ ವಾರವೇ ಬಾವಿಯ ಮೋಟಾರು ಸುಟ್ಟಿತು, ಎಮ್ಮೆ ಸತ್ತಿತು, ತಾತ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ಸೈಕಲ್ಲಿಗೆ ಬ್ರೇಕೇ ಇರಲಿಲ್ಲ ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಶನಿ ಕಾಲಿಟ್ಟಳು ಎಂದಾಯಿತು. ‘ಸನಿಯನೇ, ಕಾಫಿ ತಾ’, ‘ಸನಿಯನೇ, ಬಾಗ್ಲು ಹಾಕು’. ಬೀದಿಯವರೂ ಕಲಿತರು. ಎಲ್ಲರೂ ನಗುತ್ತಿದ್ದೆವು, ಅತ್ತೆಯೂ ನಗುತ್ತಿದ್ದಳು.

ಹೀಗಿರುವಾಗ ನಮ್ಮೂರ ನೀರಿನ ಟ್ಯಾಂಕಿಗೆ ಬಣ್ಣ ಹೊಡೆಯುವ ಕೆಲಸ ಬಂತು. ಪಂಚಾಯತಿ ತಲೈವರ್, ಅಂದರೆ ಅಧ್ಯಕ್ಷರು, ಮಾಮನನ್ನು ಕರೆದು, ಬಿಳಿ ಬಣ್ಣ ಬಳಿದು ಕಂಬದ ಮೇಲೆ ‘ನೀರು ಉಳಿಸಿ’ ಎಂದು ಬರೆ ಎಂದರು. ಅಷ್ಟು ಹೇಳಿ ಅವರು ಅಕ್ಕನ ಮನೆಗೆ ಮೆಟ್ಟೂರಿಗೆ ಹೋದರು. ಹೋಗಬಾರದಿತ್ತು.

ನಮ್ಮ ಟ್ಯಾಂಕನ್ನು ನೀವು ನೋಡಬೇಕು. ಎತ್ತರದ ಕಂಬಗಳ ಮೇಲೆ ಗುಂಡನೆಯ ಹೊಟ್ಟೆ, ಹೊಟ್ಟೆಯ ನಡುವಿಗೆ ಸುತ್ತಲೂ ಆಳು ನಡೆಯುವಷ್ಟು ಅಗಲದ ಸಿಮೆಂಟಿನ ಜಗಲಿ. ಅದನ್ನು ಇಷ್ಟು ವರ್ಷ ನಾವೆಲ್ಲ ಟ್ಯಾಂಕು ಎಂದೇ ತಿಳಿದಿದ್ದೆವು. ಮಾಮನಿಗೆ ಅದು ಟ್ಯಾಂಕಾಗಿ ಕಾಣಲೇ ಇಲ್ಲ. ತಲೈವರ್ ಮೆಟ್ಟೂರಿನಿಂದ ಬರುವಷ್ಟರಲ್ಲಿ ಹೊಟ್ಟೆಗೆ ಹಳದಿ, ಕೆನೆ, ಜೇನಿನ ಬಣ್ಣದ ಪಟ್ಟೆಗಳು ಬಂದಿದ್ದವು. ಜಗಲಿ ಬೆಳ್ಳಿಯ ಬಣ್ಣದ ಬಳೆಯಾಗಿ ಹೊಳೆಯುತ್ತಿತ್ತು. ಹಿಂದೆ ಕಡುನೀಲಿ ಆಕಾಶ ಬೇಕಲ್ಲ, ಅದನ್ನು ದೇವರೇ ಒದಗಿಸಿದ್ದ. ‘ನೀರು ಉಳಿಸಿ’ ಎನ್ನುವುದನ್ನೂ ಮರೆಯದೆ ಕಂಬದ ಬುಡದಲ್ಲಿ, ನಲ್ಲಿಯ ನೆತ್ತಿಗೆ ಬರೆದಿದ್ದ.

ಊರಿಗೆ ಖುಷಿಯೋ ಖುಷಿ. ಲಾಡು ಎಂದರು ಕೆಲವರು, ಸೂರ್ಯ ಎಂದರು ಕೆಲವರು. ಬಸ್ಸಿನವರು ಇಣುಕಿ ನೋಡಿ ಫೋಟೋ ತೆಗೆದರು. ಆಮೇಲೆ ತಲೈವರ್ ಬಂದು ಇದೇನಪ್ಪಾ ಎಂದು ಕೇಳಿದಾಗ, ಮಾಮ ಎದೆಯುಬ್ಬಿಸಿ ನಿಜ ಹೇಳಿಬಿಟ್ಟ.

“ಸನಿ.”

ಲಾಡು ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸಂಜೆಯೊಳಗೆ ಊರೇ ಬೆವರಿತು. ತಲೆಯ ಮೇಲೆ ಶನಿ ಕೂತಿದ್ದಾನೆ, ಅವನ ಹೊಟ್ಟೆಯ ನೀರನ್ನೇ ನಾವು ಕುಡಿಯುತ್ತಿದ್ದೇವೆ! ಹೆಂಗಸರು ನಲ್ಲಿ ಬಿಟ್ಟು ತೋಟದ ಬೋರ್‌ವೆಲ್ಲಿಗೆ ಕೊಡ ಹೊತ್ತರು. ಪಾಲಕೋಡು ಮಂಡಿಯಲ್ಲಿ ಟೊಮೇಟೊ ಬೆಲೆ ಬಿತ್ತು, ಕಾರಣ ಶನಿ. ಯಾರದೋ ಮಿಕ್ಸಿ ಕೆಟ್ಟಿತು, ಶನಿ. ಟೊಮೇಟೊ ಬೆಲೆ ಪ್ರತಿವರ್ಷ ಬೀಳುತ್ತದೆ, ಆ ಮಿಕ್ಸಿ ಅಜ್ಜಿಯ ಕಾಲದ್ದು, ಅದೆಲ್ಲ ಬೇರೆ ಮಾತು.

ಟ್ಯಾಂಕಿಗೆ ಸುಣ್ಣ ಹೊಡೆಯುವುದೆಂದು ತೀರ್ಮಾನವಾಯಿತು. ಯಾವ ದಿನ ಎನ್ನುವುದಕ್ಕೆ ಮಾತ್ರ ಜಗಳ. ಶನಿವಾರ ಅಳಿಸಿದರೆ ಅವನಿಗೆ ಕೋಪ, ಬೇರೆ ದಿನ ಅಳಿಸಿದರೆ ಅವಮಾನ. ಕೊನೆಗೆ ಎಲ್ಲರಿಗೂ ರಜಾ ಎಂದು ಭಾನುವಾರ ಗೊತ್ತಾಯಿತು. ಅಳಿಸಬೇಕಾದವನು ಮಾಮನೇ. ಹಿಂದಿನ ಸಂಜೆ ನಾನು ಕೆಲಸದ ಊರಾದ ಸೇಲಂನಿಂದ ಬಂದಾಗ ಅವನು ಗೋಡೆಗೆ ಒರಗಿ ಕೂತಿದ್ದ. ತಟ್ಟೆಯಲ್ಲಿ ಮುದ್ದೆ ಮುರಿದೇ ಇರಲಿಲ್ಲ. ಮಾಮನನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ಅತ್ತೆ ತಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು, ತಟ್ಟೆ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಏಣಿ ಬಂತು, ಸುಣ್ಣದ ಡ್ರಮ್ಮು ಬಂತು, ಊರೂ ಬಂತು. ಮಾಮ ಏಣಿಗೆ ಕಾಲಿಡಬೇಕು, ಅಷ್ಟರಲ್ಲಿ ಅತ್ತೆ ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಜನರನ್ನು ಸರಿಸಿಕೊಂಡು ಬಂದಳು.

“ತಲೈವರೇ, ಸನಿ ಕಾಟ ಕಳೀಲಿ ಅಂತ ಓದ ವರ್ಸ ವ್ಯಾನ್ ಮಾಡ್ಕಂಡು ತಿರುನಳ್ಳಾರ್‌ಗೆ ಓಗಿದ್ರಲ್ಲ, ಅಲ್ಲೇನ್ ಮಾಡಿದ್ರಿ?”

“ಕೊಳದಾಗೆ ಮುಳುಗಿ ಎದ್ವಿ ಅಕ್ಕಾ.”

“ಯಾರ ಕೊಳ?”

“ಸನಿ ದೇವ್ರುದು.”

“ಅಲ್ಲಿ ಸನಿ ನೀರಾಗೆ ಮುಳುಗಿದ್ರೆ ದೋಸ ಓಗ್ತೈತೆ. ಅದೇ ಸನಿ ಪೈಪ್‌ನಾಗೆ ಮನೆಮನೆಗೂ ಬಂದ್ರೆ ದೋಸ ಬತ್ತೈತಾ? ಎಂಗೆ ಅದು, ಯೋಳಿ.”

ಗುಂಪಿನಲ್ಲಿ ಯಾರೋ ನಕ್ಕರು. ತಲೈವರ್ ಕತ್ತು ತುರಿಸಿಕೊಂಡರು. “ಆದ್ರೂ ಅಕ್ಕಾ, ಸನಿ ಅಂದ್ರೆ ಸನೀನೇ ಅಲ್ವಾ?”

“ಓ ಅಂಗಾ. ನನ್ನ ಈ ಊರಾಗೆ ಏನಂತ ಕರೀತಿದ್ರು, ಗ್ಯಾಪ್ಕ ಐತಾ ನಿಂಗೆ?” ತಲೈವರ್ ಹೋಗಿ ‘ನೀನು’ ಬಂದಿತ್ತು. “ಈ ಸನಿ ಕೈಯಾಗಿನ ಅನ್ನ ತಿಂದೇ ನೀನು ಇಷ್ಟುದ್ದ ಆಗಿದ್ದು. ಸಾಂಬಾರ್‌ಗೆ ಎಲ್ರಿಗಿಂತ ಮುಂಚೆ ತಟ್ಟೆ ಹಿಡ್ಕಂಡು ನಿಂತಿರ್ತಿದ್ದೆ. ಏನ್ ಕೆಟ್ಟೋದೆ? ಇಲ್ಲಿರೋರೆಲ್ಲ ತಿಂದವ್ರೆ. ಯಾರ್ ಕೆಟ್ಟೋದ್ರು, ಕೈಯೆತ್ತಿ.”

ಒಂದು ಕೈಯೂ ಏಳಲಿಲ್ಲ. ಅತ್ತೆ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ, ಗಟಗಟ ಕುಡಿದಳು. ತಲೈವರ್ ಆಚೆ ಈಚೆ ನೋಡಿದರು. ಆಮೇಲೆ ಬಿಳಿ ಪಂಚೆ ಎತ್ತಿ ಕಟ್ಟಿ ಅವರೂ ಬೊಗಸೆಯೊಡ್ಡಿದರು. ಬಾಯಿ ಒರೆಸಿಕೊಂಡು “ತಣ್ಣಿ ನಲ್ಲಾ ಇರುಕ್ಕು” ಎಂದು, ನೀರು ಚೆನ್ನಾಗಿದೆಯೆಂದು, ಸಾರಿದರು. ಅವರ ಸರ್ಕಾರಿ ಘೋಷಣೆಗಳೆಲ್ಲ ತಮಿಳಿನಲ್ಲೇ. ಏಣಿ ವಾಪಸ್ಸು ಹೋಯಿತು.

ಈಗ ನಮ್ಮೂರಿನ ಗತ್ತೇ ಬೇರೆ. ಶನಿವಾರ ಬಂದರೆ ಅಕ್ಕಪಕ್ಕದ ಊರಿನವರು ಕ್ಯಾನು ಹಿಡಿದು ಬರುತ್ತಾರೆ. ಕಂಬದ ಬುಡದಲ್ಲಿ ಎಳ್ಳೆಣ್ಣೆ ದೀಪ ಉರಿಯುತ್ತದೆ. ಪಕ್ಕದ ಪಂಚಾಯತಿಯವರು ‘ನಮ್ಮ ಟ್ಯಾಂಕಿಗೆ ಗುರು ಬರೆದುಕೊಡು’ ಎಂದು ಮಾಮನ ಹಿಂದೆ ಬಿದ್ದಿದ್ದಾರೆ. ಪಂಕ್ಚರ್ ಅಂಗಡಿಯವನು ಕೂಡ ಕಪ್ಪು ಕುಳಿ ವಾಪಸ್ಸು ಬೇಕು ಎನ್ನುತ್ತಿದ್ದಾನೆ!

ಆದರೆ ಆ ಭಾನುವಾರದ್ದೇ ಒಂದು ಮಾತು ಉಳಿದಿದೆ. ಜನರೆಲ್ಲ ಚದುರಿದ ಮೇಲೆ ನಾನು ಮಾಮನನ್ನು ಛೇಡಿಸಿದೆ. “ಅಲ್ಲ ಮಾಮಾ, ಗುರು ಬರ್ದಿದ್ರೆ ಈ ರಗಳೆ ಇರ್ತಿತ್ತಾ? ಹುಡುಕಿ ಹುಡುಕಿ ಸನೀನೇ ಯಾಕೆ ಬರ್ದೆ?”

ಮಾಮ ಬ್ರಷ್ಷಿನ ತುದಿಯಿಂದ ಟ್ಯಾಂಕಿನ ಬಳೆಯನ್ನು ತೋರಿಸಿದ.

“ಅವತ್ತು ಬೆಟ್ಟದಾಗೆ ದುರ್ಬೀನ್‌ಗೆ ಕಣ್ಣಿಟ್ನಲ್ಲ, ಬಳೆ ಹಾಕ್ಕಂಡು ಥಳಥಳ ಅಂತ ಒಂದು ನಿಂತಿತ್ತು. ಮೇಷ್ಟ್ರು ಇದೇ ಸನಿ ಅಂದ್ರು. ನಾನು ನಂಬ್ಲಿಲ್ಲ. ಆಕಾಸದಾಗೆಲ್ಲ ಇಷ್ಟು ಚೆಂದಾಗಿರೋದು ಇನ್ನೊಂದಿಲ್ಲ, ಇದುನ್ನ ಹಿಡ್ಕಂಡು ಬೈತಾರಾ ಅಂತ. ನಮ್ಮವ್ವ ಇವ್ಳನ್ನ ಕರೀತಿದ್ಲಲ್ಲ, ಅದು ಗ್ಯಾಪ್ಕ ಬಂತು. ಬ್ಯಾಡ ಅನ್ನಕ್ಕೆ ಆವಾಗ ನಂಗೆ ಬಾಯಿ ಬರ್ಲಿಲ್ಲ. ಬಾಯಾಗೆ ಯೋಳಕ್ಕೆ ಈಗ್ಲೂ ಬರಲ್ಲ. ಬರಿಯಕ್ಕೆ ಬತ್ತೈತೆ. ಸನಿ ಎಂಗಿರ್ತಾಳೆ ಅಂತ ಊರೆಲ್ಲ ಕತ್ತೆತ್ತಿ ನೋಡ್ಲಿ ಅಂತ ಬರ್ದೆ.”

ಹಿಂದೆ ನೀರು ಸುರಿಯುವ ಸದ್ದು ಕೇಳಿ ತಿರುಗಿದೆ. ಅತ್ತೆ ಅಲ್ಲೇ ಇದ್ದಳು. ಒಂದು ತೊಟ್ಟು ನೀರು ಚೆಲ್ಲಿದರೂ ಬೀದಿಗೆಲ್ಲ ಕೇಳುವಂತೆ ಬೈಯುವ ನಮ್ಮ ಅತ್ತೆ. ಅವಳ ಕೊಡ ತುಂಬಿ, ‘ನೀರು ಉಳಿಸಿ’ ಎಂಬ ಅಕ್ಷರಗಳ ಕೆಳಗೇ ಉಕ್ಕಿ ಹರಿಯುತ್ತಿತ್ತು. ಅವಳು ಕತ್ತೆತ್ತಿ ಟ್ಯಾಂಕನ್ನು ನೋಡುತ್ತ ನಿಂತಿದ್ದಳು, ಸೀರೆಯ ನೆರಿಗೆ ಒದ್ದೆಯಾಗುತ್ತಿದ್ದದ್ದೂ ಅವಳಿಗೆ ಗೊತ್ತಿರಲಿಲ್ಲ.

ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.